ಕೂಸು ಸತ್ತ ಮನೆಯಾಗ ಅವ್ವನ ಕಾಲ್ಗುಣ ಹುಡುಕಬ್ಯಾಡ್ರಿ

ರಾತ್ರಿ ಹಾಲು ಕುಡಿದು ಮಲಗಿದ ಕೂಸು ಬೆಳಗ್ಗೆ ಏಳುವುದಿಲ್ಲ. ಜ್ವರ ಇರಲಿಲ್ಲ. ಭೇದಿ ಇರಲಿಲ್ಲ. ಹಿಂದಿನ ದಿನ ಎಲ್ಲರ ಕೈಯಲ್ಲೂ ಆಡಿತ್ತು.

ಹೊಳಲು, ಹಡಗಲಿ, ಹರಪನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಯಾವ ಕಡೆಯೇ ಆಗಲಿ, ಇಂಥ ಮನೆ ಮುಂದೆ ನಿಂತವರಿಗೆ ಮುಂದೆ ಏನಾಗುತ್ತದೆ ಎಂದು ಗೊತ್ತು. ಬಿಸಿಲು ಏರುವುದರೊಳಗೆ ಕೂಸನ್ನು ಮಣ್ಣು ಮಾಡಿ ಬರುತ್ತಾರೆ. ಸಂಜೆಯೊಳಗೆ ತಪ್ಪು ಯಾರದು ಎಂಬುದೂ ತೀರ್ಮಾನ ಆಗಿರುತ್ತದೆ.

"ಮಗ್ಗುಲಾಗ ಹಾಕ್ಕೊಂಡು ಮಲಗಿದ್ಲು, ಮೈಮ್ಯಾಲೆ ಬಿದ್ದಿರಬೇಕು."

"ಹಾಲು ನೆತ್ತಿಗೇರೇತಿ. ತೇಗಿಸದ ಮಲಗಿಸ್ಯಾಳ."

"ಅಮಾಸಿ ದಿನ ಹೊತ್ತು ಮುಳುಗಿದ ಮ್ಯಾಲೆ ಹೊರಗ ಕರ್ಕೊಂಡು ಹೋಗಿದ್ಲಂತ."

ಎರಡನೇ ಕೂಸೂ ಹಾಗೇ ಹೋದರೆ ಮಾತಿನ ಧಾಟಿ ಬದಲಾಗುತ್ತದೆ. "ಆಕಿ ಹೊಟ್ಟಿನ ಸರಿ ಇಲ್ಲ" ಅನ್ನುತ್ತಾರೆ. ಕಾಲ್ಗುಣ ಅನ್ನುತ್ತಾರೆ. ಮೂರನೆಯದೂ ಹೋದರೆ ಆಕೆಯನ್ನು ತವರಿಗೆ ಬಿಟ್ಟು ಬಂದು ಗಂಡನಿಗೆ ಬೇರೆ ಹೆಣ್ಣು ನೋಡುತ್ತಾರೆ. ಎದೆಯಲ್ಲಿ ಇನ್ನೂ ಹಾಲು ಇಂಗಿರುವುದಿಲ್ಲ, ಆಕೆ ಕೊಲೆಗಾರ್ತಿ ಆಗಿರುತ್ತಾಳೆ.

ನಾವು ಇದೇ ಊರುಗಳಲ್ಲಿ ಬೆಳೆದವರು. ಈ ಮಾತುಗಳನ್ನು ಕೇಳುತ್ತಾ ಬೆಳೆದವರು. ಇವತ್ತು ಇದರ ವಿರುದ್ಧ ಬರೆಯುತ್ತಿದ್ದೇವೆ. ಹೀಗೆ ಸತ್ತ ಕೆಲವು ಕೂಸುಗಳ ಸಾವಿಗೆ ಕಾರಣ ಅವ್ವನ ಮಗ್ಗುಲಲ್ಲೂ ಇಲ್ಲ, ಅಮಾವಾಸ್ಯೆಯಲ್ಲೂ ಇಲ್ಲ. ಅದು ಕೂಸಿನ ಎದೆಯೊಳಗಿನ ಕರೆಂಟಿನಲ್ಲಿದೆ. ಅದು ಹುಟ್ಟಿನಿಂದಲೇ ಬಂದದ್ದು. ಅದರ ಸುಳಿವು ಬದುಕಿರುವ ಅಪ್ಪನಲ್ಲೋ, ಅವ್ವನಲ್ಲೋ, ಅಣ್ಣ ಅಕ್ಕಂದಿರಲ್ಲೋ ಸಿಗಬಹುದು. ತಾಯಿಯ ಕಡೆ ಬೆರಳು ತೋರಿಸಿದ ಕೂಡಲೇ ಆ ಹುಡುಕಾಟ ನಿಂತುಹೋಗುತ್ತದೆ. ಮುಂದಿನ ಕೂಸನ್ನು ಉಳಿಸುವ ದಾರಿಯೂ ಅಲ್ಲೇ ಮುಚ್ಚುತ್ತದೆ.

ಮೋಟಾರು ಸರಿ ಇದೆ, ಸ್ಟಾರ್ಟರ್ ಕೈಕೊಟ್ಟಿದೆ

ನಮ್ಮ ಕಡೆ ಬೋರ್‌ವೆಲ್ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೋಟಾರು ಹೊಸದು, ಪೈಪು ಹೊಸದು, ನೀರೂ ಇದೆ. ಆದರೂ ಪಂಪು ಓಡುತ್ತಿಲ್ಲ. ನೋಡಿದರೆ ತೊಂದರೆ ಇರುವುದು ಪ್ಯಾನೆಲ್ ಬೋರ್ಡಿನಲ್ಲಿ.

ಹೃದಯವೂ ಹಾಗೇ. ಅದು ಮಾಂಸದ ಪಂಪು, ಓಡುವುದು ಕರೆಂಟಿನಿಂದ. ಪ್ರತಿ ಬಡಿತಕ್ಕೂ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಂಬ ಲವಣಗಳು ಹೃದಯದ ಜೀವಕೋಶಗಳ ಸಣ್ಣ ಸಣ್ಣ ಬಾಗಿಲುಗಳಿಂದ ಒಳಗೆ ಹೊರಗೆ ಓಡಾಡುತ್ತವೆ. ಅದರಿಂದಲೇ ಕರೆಂಟು ಹುಟ್ಟುತ್ತದೆ. ಆ ಬಾಗಿಲು ಹೇಗಿರಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬ ಲೆಕ್ಕ ಅಪ್ಪ ಅವ್ವನಿಂದ ಬಂದ ಜೀನ್‌ಗಳಲ್ಲಿ ಬರೆದಿರುತ್ತದೆ. ಅದರಲ್ಲಿ ಒಂದು ಅಕ್ಷರ ತಪ್ಪಿದರೂ ಸಾಕು. ಬಾಗಿಲು ಮುಚ್ಚುವುದು ಕಣ್ಣು ರೆಪ್ಪೆ ಬಡಿಯುವುದಕ್ಕಿಂತ ಕಡಿಮೆ ಹೊತ್ತು ತಡವಾಗುತ್ತದೆ. ಆ ತಡದಲ್ಲಿ ಬಡಿತದ ತಾಳ ತಪ್ಪಿದರೆ ಹೃದಯ ಬಡಿಯುವ ಬದಲು ನಡುಗುತ್ತದೆ. ನಡುಗುವ ಹೃದಯದಿಂದ ಮಿದುಳಿಗೆ ರಕ್ತ ಹೋಗುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಎಲ್ಲ ಮುಗಿಯುತ್ತದೆ.

ಈ ರೋಗಗಳಲ್ಲಿ ಹೆಚ್ಚು ಗೊತ್ತಿರುವುದು ಲಾಂಗ್ ಕ್ಯೂಟಿ ಎಂಬುದು. ಇಸಿಜಿ ಕಾಗದದ ಮೇಲೆ ಕ್ಯೂ ಎಂಬ ಗೆರೆಯಿಂದ ಟಿ ಎಂಬ ಗೆರೆಯವರೆಗಿನ ದೂರ ಉದ್ದವಾಗಿರುತ್ತದೆ, ಅದಕ್ಕೇ ಆ ಹೆಸರು. ಇಟಲಿಯಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಕೂಸುಗಳ ಇಸಿಜಿ ತೆಗೆದು ನೋಡಿದಾಗ ಸುಮಾರು 2000 ಕೂಸಿಗೆ ಒಂದರಲ್ಲಿ ಇದು ಕಂಡಿತು.

ಸತ್ತ ಮೇಲೆ ಎದೆ ಬಗೆದು ನೋಡಿದರೆ ಹೃದಯ ಚೆನ್ನಾಗೇ ಕಾಣುತ್ತದೆ. ತೂತಿಲ್ಲ, ಬ್ಲಾಕ್ ಇಲ್ಲ, ಊತ ಇಲ್ಲ. ಕರೆಂಟು ಹೋದ ಮೇಲೆ ವೈರು ಕತ್ತರಿಸಿ ನೋಡಿದರೆ ಕರೆಂಟು ಕಾಣುತ್ತದೆಯೇ? ಪೋಸ್ಟ್ ಮಾರ್ಟಂ ವರದಿಯಲ್ಲಿ "ಕಾರಣ ತಿಳಿದಿಲ್ಲ" ಎಂದು ಬರುತ್ತದೆ. ಆ ಖಾಲಿ ಜಾಗವನ್ನು ತುಂಬುವ ಕೆಲಸವನ್ನು ಊರು ತಾನೇ ವಹಿಸಿಕೊಳ್ಳುತ್ತದೆ.

ಇಟಲಿಯ ಲೆಕ್ಕ

ಪೀಟರ್ ಶ್ವಾರ್ಟ್ಜ್ ಎಂಬ ಇಟಲಿಯ ಹೃದಯ ತಜ್ಞರು 1976ರಿಂದ 18 ವರ್ಷ ಒಂದೇ ಕೆಲಸ ಮಾಡಿಸಿದರು. ಹುಟ್ಟಿದ ಮೂರನೇ ಅಥವಾ ನಾಲ್ಕನೇ ದಿನ ಕೂಸಿನ ಇಸಿಜಿ ತೆಗೆಯುವುದು, ಒಂದು ವರ್ಷ ಆ ಕೂಸು ಏನಾಯಿತು ಎಂದು ವಿಚಾರಿಸುವುದು. ಒಟ್ಟು 34,442 ಕೂಸುಗಳು. ಅವುಗಳಲ್ಲಿ 24 ಕೂಸುಗಳು ಕಾರಣ ಗೊತ್ತಿಲ್ಲದೆ ಮಲಗಿದಲ್ಲೇ ಸತ್ತವು. ಹಳೆಯ ಇಸಿಜಿ ತೆಗೆದು ನೋಡಿದರೆ ಆ 24ರಲ್ಲಿ 12 ಕೂಸುಗಳ ಕ್ಯೂಟಿ ಉದ್ದವಾಗಿತ್ತು. 1998ರಲ್ಲಿ ಇದು ಅಚ್ಚಾಯಿತು.

ಎರಡು ವರ್ಷದ ನಂತರ ಅವರದೇ ತಂಡ ಇನ್ನೊಂದು ಸಂಗತಿ ಹೇಳಿತು. 44 ದಿನದ ಕೂಸೊಂದು ಉಸಿರು ನಿಂತು ನೀಲಿಯಾಗಿತ್ತು. ಅಪ್ಪ ಅವ್ವ ಎತ್ತಿಕೊಂಡು ಆಸ್ಪತ್ರೆಗೆ ಓಡಿದರು. ಅಲ್ಲಿ ಹೃದಯ ನಡುಗುತ್ತಿರುವುದು ಕಂಡು ಶಾಕ್ ಕೊಟ್ಟು ಉಳಿಸಿದರು. ಜೀನ್ ಪರೀಕ್ಷೆ ಮಾಡಿದಾಗ ಸೋಡಿಯಂ ಬಾಗಿಲಿನ ದೋಷ ಸಿಕ್ಕಿತು. ಆಸ್ಪತ್ರೆ ಮುಟ್ಟುವುದು ತಡವಾಗಿದ್ದರೆ ಅದೂ "ಕಾರಣ ತಿಳಿಯದ ಸಾವು" ಆಗುತ್ತಿತ್ತು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಮಲಗಿದಲ್ಲೇ ಸತ್ತ ಎಲ್ಲ ಕೂಸುಗಳಿಗೂ ಇದೇ ರೋಗ ಎಂದು ನಾವು ಹೇಳುತ್ತಿಲ್ಲ. ನಾರ್ವೆಯಲ್ಲಿ ಇಂಥ 201 ಕೂಸುಗಳ ಜೀನ್ ನೋಡಿದಾಗ ನೂರಕ್ಕೆ ಸುಮಾರು 9ರಿಂದ 10ರಲ್ಲಿ ಲಾಂಗ್ ಕ್ಯೂಟಿ ಜೀನ್‌ಗಳ ವ್ಯತ್ಯಾಸ ಸಿಕ್ಕಿತು. ಆಮೇಲಿನ ಪರೀಕ್ಷೆಗಳಲ್ಲಿ ಈ ಲೆಕ್ಕ ಇನ್ನೂ ಕಡಿಮೆ ಬಂದಿದೆ. ನಮ್ಮ ಕಡೆ ಕೂಸುಗಳು ಹೆಚ್ಚಾಗಿ ಸಾಯುವುದು ದಿನ ತುಂಬದೆ ಹುಟ್ಟಿ, ತೂಕ ಕಡಿಮೆಯಾಗಿ, ನ್ಯುಮೋನಿಯಾ ಬಂದು. ಬೋರಲು ಮಲಗಿಸುವುದು, ಮುಖದ ಮೇಲೆ ಕೌದಿ ಬರುವಂತೆ ಹೊದಿಸುವುದು, ಮಲಗಿದ ಕೋಣೆಯಲ್ಲಿ ಬೀಡಿ ಸೇದುವುದು, ಇವೂ ಅಪಾಯ. ಕೂಸನ್ನು ಅಂಗಾತ ಮಲಗಿಸಿ ಎಂದು ಇಂಗ್ಲೆಂಡು, ಅಮೆರಿಕಗಳಲ್ಲಿ 1990ರ ದಶಕದಲ್ಲಿ ಪ್ರಚಾರ ಮಾಡಿದ ಮೇಲೆ ಇಂಥ ಸಾವುಗಳು ಅರ್ಧಕ್ಕೆ ಇಳಿದವು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ.

ಆದರೆ ನೂರರಲ್ಲಿ ಐದೇ ಇರಲಿ, ಹತ್ತೇ ಇರಲಿ, ಅದು ಒಂದೇ ಮನೆಗೆ ಮತ್ತೆ ಮತ್ತೆ ಬರಬಹುದಾದ ಸಾವು. ಉಳಿದ ಕಾರಣಗಳಿಗಿಂತ ಇದನ್ನು ಬೇರೆಯಾಗಿ ನೋಡಬೇಕಾದದ್ದು ಅದಕ್ಕೇ.

ನಾಲ್ಕು ಕೂಸು ಕಳೆದುಕೊಂಡವಳಿಗೆ 20 ವರ್ಷ ಜೈಲು

ತಾಯಿಯ ಮೇಲೆ ಹೊರಿಸುವುದು ನಮ್ಮ ಹಳ್ಳಿಯವರ ಮೌಢ್ಯ ಮಾತ್ರ ಎಂದು ಪೇಟೆಯವರು ನಗಬೇಡಿ. ಕೋಟು ಹಾಕಿದ ವಕೀಲರು, ದೊಡ್ಡ ಡಾಕ್ಟರುಗಳು, ನ್ಯಾಯಾಲಯಗಳು ಇದೇ ಕೆಲಸ ಮಾಡಿವೆ.

ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಎಂಬ ತಾಯಿ 1989ರಿಂದ 1999ರವರೆಗೆ ನಾಲ್ಕು ಮಕ್ಕಳನ್ನು ಕಳೆದುಕೊಂಡರು. ಮೊದಲನೆಯದಕ್ಕೆ 19 ದಿನ, ಎರಡನೆಯದಕ್ಕೆ 8 ತಿಂಗಳು, ಮೂರನೆಯದಕ್ಕೆ 10 ತಿಂಗಳು, ನಾಲ್ಕನೆಯದಕ್ಕೆ ಒಂದೂವರೆ ವರ್ಷ. ಯಾವ ಮಗುವಿನ ಮೈಮೇಲೂ ಕೊಂದ ಗುರುತು ಇರಲಿಲ್ಲ. ದುಃಖದಲ್ಲಿ ಆಕೆ ತನ್ನನ್ನೇ ಬೈದುಕೊಂಡು ಡೈರಿ ಬರೆದಿದ್ದರು. ಗಂಡ ಅದನ್ನು ಪೊಲೀಸರಿಗೆ ಕೊಟ್ಟ. ಆ ಡೈರಿಯನ್ನೇ ತಪ್ಪೊಪ್ಪಿಗೆ ಎಂದು ಓದಲಾಯಿತು. ಒಂದೇ ಮನೆಯಲ್ಲಿ ನಾಲ್ಕು ಮಕ್ಕಳು ತಾವಾಗಿ ಸಾಯಲು ಸಾಧ್ಯವೇ ಇಲ್ಲ ಎಂದು ವಾದಿಸಲಾಯಿತು. 2003ರಲ್ಲಿ 40 ವರ್ಷ ಶಿಕ್ಷೆ ಬಿತ್ತು. ಮೇಲ್ಮನವಿಯಲ್ಲಿ ಅದು 30 ವರ್ಷಕ್ಕೆ ಇಳಿಯಿತು.

ಕೂಸು ಕಳೆದುಕೊಂಡ ಯಾವ ಅವ್ವ ತನ್ನನ್ನು ಬೈದುಕೊಳ್ಳುವುದಿಲ್ಲ ಹೇಳಿ. ನಮ್ಮ ಕಡೆ ಎದೆ ಬಡಿದುಕೊಂಡು "ನಾನ ಕೊಂದೆ ನನ್ನ ಕೂಸಿನ್ನ" ಎಂದು ಅಳುವ ಅವ್ವಂದಿರನ್ನು ನೀವು ನೋಡಿಲ್ಲವೇ? ಅದನ್ನು ಹೇಳಿಕೆ ಎಂದು ಬರೆದುಕೊಳ್ಳಬೇಕೇ?

ಆಮೇಲೆ ಕರೋಲಾ ವಿನ್ಯೂಸಾ ಎಂಬ ವಿಜ್ಞಾನಿ ಆಕೆಯ ಜೀನ್‌ಗಳನ್ನು ಓದಿದರು. ಕಾಮ್2 ಎಂಬ ಜೀನ್‌ನಲ್ಲಿ ದೋಷ ಸಿಕ್ಕಿತು. ಇದು ಹೃದಯದ ಕ್ಯಾಲ್ಸಿಯಂ ಲೆಕ್ಕ ನೋಡಿಕೊಳ್ಳುವ ಜೀನ್. ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳಲ್ಲೂ ಅದೇ ದೋಷ ಇತ್ತು. ಡೆನ್ಮಾರ್ಕಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದು ಹೃದಯದ ತಾಳ ಕೆಡಿಸಬಲ್ಲದು ಎಂದು ಗೊತ್ತಾಯಿತು. ಗಂಡುಮಕ್ಕಳಲ್ಲಿ ಬೇರೊಂದು ಜೀನ್‌ನ ಅಪರೂಪದ ವ್ಯತ್ಯಾಸಗಳಿದ್ದವು. ಇಷ್ಟಾದರೂ 2019ರ ಮೊದಲ ವಿಚಾರಣೆ ಆಕೆಯೇ ತಪ್ಪಿತಸ್ಥೆ ಎಂದಿತು. 2021ರಲ್ಲಿ 90 ವಿಜ್ಞಾನಿಗಳು, ವೈದ್ಯರು ಸಹಿ ಹಾಕಿ ಬಿಡುಗಡೆಗೆ ಕೇಳಿದರು. 2023ರ ಜೂನ್ 5ರಂದು ಕ್ಷಮಾದಾನ ಸಿಕ್ಕಿ ಆಕೆ ಹೊರಬಂದರು. ಡಿಸೆಂಬರ್ 14ರಂದು ನ್ಯಾಯಾಲಯ ಶಿಕ್ಷೆಯನ್ನೇ ರದ್ದು ಮಾಡಿತು. ಒಳಗೆ ಕಳೆದದ್ದು 20 ವರ್ಷ.

"ನೋಡ್ರಿ, ದೋಷ ಅವ್ವನಿಂದನ ಬಂತಲ್ಲ" ಎಂದು ಯಾರೋ ಹೇಳುವುದು ನಮಗೆ ಈಗಲೇ ಕೇಳಿಸುತ್ತಿದೆ. ಆ ಮನೆಯಲ್ಲಿ ಅವ್ವನಿಂದ ಬಂತು. ಇನ್ನೊಂದು ಮನೆಯಲ್ಲಿ ಅಪ್ಪನಿಂದ ಬರುತ್ತದೆ, ಮತ್ತೊಂದರಲ್ಲಿ ಇಬ್ಬರಿಂದಲೂ. ಕೆಲವು ಸಲ ಇಬ್ಬರಲ್ಲೂ ಇರುವುದಿಲ್ಲ, ಕೂಸಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಕಣ್ಣಿನ ಬಣ್ಣ ಕೊಟ್ಟಿದ್ದಕ್ಕೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ.

ಇಂಗ್ಲೆಂಡಿನಲ್ಲಿ ಸ್ಯಾಲಿ ಕ್ಲಾರ್ಕ್ ಎಂಬಾಕೆ ಸ್ವತಃ ವಕೀಲೆ. ಎರಡು ಗಂಡು ಕೂಸು ತೀರಿಕೊಂಡವು. 1999ರಲ್ಲಿ ಜೀವಾವಧಿ ಶಿಕ್ಷೆ. ಒಂದೇ ಮನೆಯಲ್ಲಿ ಎರಡು ಕೂಸು ಹೀಗೆ ಸಾಯುವ ಸಾಧ್ಯತೆ ಏಳು ಕೋಟಿ ಮೂವತ್ತು ಲಕ್ಷಕ್ಕೆ ಒಂದು ಎಂದು ರಾಯ್ ಮೆಡೋ ಎಂಬ ಪ್ರಸಿದ್ಧ ಮಕ್ಕಳ ವೈದ್ಯರು ಕೋರ್ಟಿನಲ್ಲಿ ಹೇಳಿದ್ದರು. ಒಂದು ಸಾವಿನ ಸಾಧ್ಯತೆಯನ್ನು ಅದರಿಂದಲೇ ಗುಣಿಸಿ ತಂದ ಲೆಕ್ಕ ಅದು. ಎರಡು ಸಾವಿಗೂ ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಮಾತ್ರ ಹಾಗೆ ಗುಣಿಸಬಹುದು. ಒಂದೇ ಅಪ್ಪ ಅವ್ವನ ಎರಡು ಮಕ್ಕಳ ರಕ್ತಕ್ಕೆ ಸಂಬಂಧ ಇಲ್ಲವೇ? 2003ರಲ್ಲಿ ಆಕೆ ಬಿಡುಗಡೆಯಾದರು. 2007ರಲ್ಲಿ ತೀರಿಕೊಂಡರು, ಚೇತರಿಸಿಕೊಳ್ಳಲೇ ಇಲ್ಲ.

"ಮೂರೂ ಹೋದ್ವು ಅಂದ್ರ ಆಕಿದ ಏನರ ಇರಬೇಕು" ಎಂಬ ನಮ್ಮ ಕಟ್ಟೆಯ ಮಾತಿಗೂ ಆ ಕೋರ್ಟಿನ ಗುಣಾಕಾರಕ್ಕೂ ನಮಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಮೂರು ಹೋದವು ಅಂದರೆ ರಕ್ತದಲ್ಲಿ ಹುಡುಕಬೇಕು ಎಂದು ಅರ್ಥ.

ನಮ್ಮ ವೃತ್ತಿಯವರ ಪಾಲೂ ಇದರಲ್ಲಿದೆ. "ಹೆತ್ತ ತಾಯಿಯೇ ಕೊಂದಳೇ?" ಎಂದು ಪ್ರಶ್ನೆ ಚಿಹ್ನೆ ಹಾಕಿ ಹೆಡ್‌ಲೈನ್ ಮಾಡುವುದನ್ನು ನಾವು ತರಗತಿಯಲ್ಲಿ ಕಲಿಯಲಿಲ್ಲ, ಕೆಲಸಕ್ಕೆ ಸೇರಿದ ಮೇಲೆ ಕಲಿತೆವು. ಆ ಪ್ರಶ್ನೆ ಚಿಹ್ನೆ ಬರೆದವರನ್ನು ಕೇಸಿನಿಂದ ಉಳಿಸುತ್ತದೆ. ಆಕೆಯನ್ನು ಉಳಿಸುವುದಿಲ್ಲ.

ಅಕ್ಕನ ಮಗಳನ್ನು ತಂದವರು ಸೊಸೆಯ ರಕ್ತ ಬೈಯುತ್ತಾರೆ

ಈಗ ನಮ್ಮ ಮನೆಯೊಳಗಿನ ಮಾತಿಗೆ ಬರುತ್ತೇವೆ. ಸಿಟ್ಟು ಬರಬಹುದು. ಬರಲಿ.

2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ. ಅಕ್ಕನ ಮಗಳು, ಮಾವನ ಮಗಳು, ಅತ್ತೆಯ ಮಗ. ಹೊಲ ಒಡೆಯಬಾರದು, ಹೆಣ್ಣು ಕಣ್ಣೆದುರಿಗೇ ಇರಬೇಕು, ವರದಕ್ಷಿಣೆಯ ಕಾಟ ಇರಬಾರದು. ಈ ಕಾರಣಗಳನ್ನು ನಾವು ಗೇಲಿ ಮಾಡುವುದಿಲ್ಲ. ನಮ್ಮ ಅಜ್ಜ ಅಜ್ಜಿಯರ ಮದುವೆಗಳೂ ಹೀಗೇ ಆದವು.

ಆದರೆ ಲೆಕ್ಕ ಕೇಳಿ. ಪ್ರತಿ ಜೀನ್ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತದೆ, ಅಪ್ಪನದೊಂದು, ಅವ್ವನದೊಂದು. ಕೆಲವು ರೋಗಗಳಿಗೆ ಒಂದು ಕೆಟ್ಟ ಪ್ರತಿ ಸಾಕು. ಲಾಂಗ್ ಕ್ಯೂಟಿಯ ಹೆಚ್ಚಿನ ಬಗೆಗಳು ಹಾಗೆಯೇ. ಅವಕ್ಕೆ ಸಂಬಂಧದೊಳಗಿನ ಮದುವೆ ಕಾರಣ ಅಲ್ಲ, ಹೊರಗಿನಿಂದ ಹೆಣ್ಣು ತಂದ ಮನೆಗೂ ಬರುತ್ತವೆ. ಇನ್ನು ಕೆಲವು ರೋಗ ಬರಬೇಕಾದರೆ ಎರಡೂ ಪ್ರತಿ ಕೆಟ್ಟಿರಬೇಕು. ಒಂದೇ ಕೆಟ್ಟಿದ್ದವರಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಸೋದರಮಾವನಲ್ಲಿ ಅಂಥ ಒಂದು ಕೆಟ್ಟ ಪ್ರತಿ ಇದ್ದರೆ ಅಕ್ಕನ ಮಗಳಲ್ಲೂ ಅದೇ ಪ್ರತಿ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮಾವನ ಮಗಳಾದರೆ ಎಂಟರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಸಲ ಕೂಸಿಗೆ ಎರಡೂ ಕೆಟ್ಟ ಪ್ರತಿ ಸೇರುತ್ತವೆ. ಮೊದಲ ಕೂಸಿಗೆ ಆಯಿತು, ಇನ್ನು ಮುಂದಿನದಕ್ಕೆ ಆಗುವುದಿಲ್ಲ ಎಂದೇನಿಲ್ಲ. ಪ್ರತಿ ಸಲವೂ ಹೊಸದಾಗಿ ಕವಡೆ ಹಾಕಿದಂತೆ.

ಇಲ್ಲಿ ಮೌಢ್ಯ ಎಷ್ಟು ಕುರುಡು ನೋಡಿ. ತನ್ನ ಸ್ವಂತ ಮೊಮ್ಮಗಳನ್ನೇ ಮಗನಿಗೆ ತಂದುಕೊಂಡ ಅತ್ತೆ "ಆಕಿ ರಕ್ತನ ಕೆಟ್ಟದ್ದು" ಅನ್ನುತ್ತಾಳೆ. ಅದು ಯಾರ ರಕ್ತ ಅಜ್ಜಿ?

ಹೃದಯದ ವಂಶದೋಷ ಎಂದರೆ ಹೊರದೇಶದ ಸುದ್ದಿ ಎಂದುಕೊಂಡವರಿಗೆ ಒಂದು ಮಾತು. 2009ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಹೃದಯದ ಒಂದು ಜೀನ್‌ನಲ್ಲಿ 25 ಅಕ್ಷರ ಬಿಟ್ಟುಹೋಗಿರುವುದನ್ನು ಗುರುತಿಸಿದರು. ಅದು ನಮ್ಮ ದೇಶದ ನೂರರಲ್ಲಿ ಸುಮಾರು ನಾಲ್ಕು ಜನರಲ್ಲಿದೆ. ಅದು ತಾಳದ ದೋಷ ಅಲ್ಲ, ಹೃದಯದ ಮಾಂಸಖಂಡದ ದೋಷ, ಹೆಚ್ಚಾಗಿ ವಯಸ್ಸಾದ ಮೇಲೆ ಕಾಡುವಂಥದ್ದು. ಆದರೂ ದೋಷ ನಮ್ಮಲ್ಲೂ ಇದೆ ಎಂಬುದಕ್ಕೆ ಇಷ್ಟು ಸಾಕು.

ಕಿವಿ ಕೇಳದ ಕೂಸಿನ ಎದೆಯನ್ನೂ ನೋಡಿ

ಈ ಬರಹದಲ್ಲಿ ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.

1957ರಲ್ಲಿ ನಾರ್ವೆಯ ಇಬ್ಬರು ವೈದ್ಯರು, ಯೆರ್ವೆಲ್ ಮತ್ತು ಲಾಂಗೆ ನೀಲ್ಸನ್, ಒಂದು ಮನೆಯ ಕಥೆ ಬರೆದರು. ಆ ಮನೆಯ ನಾಲ್ಕು ಮಕ್ಕಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಡುವಾಗ, ಹೆದರಿದಾಗ ಎಚ್ಚರ ತಪ್ಪಿ ಬೀಳುತ್ತಿದ್ದವು. ಅವರಲ್ಲಿ ಮೂವರು 4, 5 ಮತ್ತು 9ನೇ ವಯಸ್ಸಿಗೆ ಇದ್ದಕ್ಕಿದ್ದಂತೆ ಸತ್ತರು. ಇಸಿಜಿಯಲ್ಲಿ ಕ್ಯೂಟಿ ತುಂಬಾ ಉದ್ದ ಇತ್ತು. ಪೊಟ್ಯಾಸಿಯಂನ ಒಂದೇ ಬಾಗಿಲು ಕಿವಿಯೊಳಗೂ ಇದೆ, ಹೃದಯದಲ್ಲೂ ಇದೆ. ಅದು ಕೆಟ್ಟರೆ ಎರಡೂ ಕೆಡುತ್ತವೆ. ಎರಡೂ ಪ್ರತಿ ಕೆಟ್ಟಾಗ ಬರುವ ರೋಗ ಇದು. ಹಾಗಾಗಿ ಸಂಬಂಧದೊಳಗೆ ಮದುವೆ ಹೆಚ್ಚಿರುವ ಕಡೆ ಹೆಚ್ಚು. ಚಿಕಿತ್ಸೆ ಇಲ್ಲದಿದ್ದರೆ ಇಂಥ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 15 ವರ್ಷ ತುಂಬುವುದರೊಳಗೆ ಸಾಯುತ್ತಾರೆ.

ನಮ್ಮೂರುಗಳಲ್ಲಿ ಹುಟ್ಟುಕಿವುಡ ಮಕ್ಕಳು ಎಷ್ಟು ಮಂದಿ ಇದ್ದಾರೆ, ಒಮ್ಮೆ ಬೀದಿ ಎಣಿಸಿ ನೋಡಿ. ಅವರಲ್ಲಿ ಎಲ್ಲೋ ಕೆಲವರಿಗೆ ಮಾತ್ರ ಈ ರೋಗ ಇರಬಹುದು. ಆದರೆ ಅದನ್ನು ಹುಡುಕಲು ಬೇಕಾದದ್ದು ಒಂದು ಇಸಿಜಿ, ಹತ್ತು ನಿಮಿಷದ ಕೆಲಸ. ಅಂಥ ಮಗು ಎಚ್ಚರ ತಪ್ಪಿ ಬಿದ್ದಾಗ ನಾವೇನು ಮಾಡುತ್ತೇವೆ? ಮೂರ್ಛೆರೋಗ ಎಂದು ಕೈಯಲ್ಲಿ ಕಬ್ಬಿಣದ ಬೀಗದ ಕೈ ಹಿಡಿಸುತ್ತೇವೆ, ಈರುಳ್ಳಿ ಮೂಸಿಸುತ್ತೇವೆ, ಕೆಲವರು ಬರೆಯನ್ನೂ ಹಾಕಿಸುತ್ತಾರೆ. ಮಗು ತಾನಾಗಿ ಎಚ್ಚರಾದರೆ ಬೀಗದ ಕೈಗೆ ಹೆಸರು ಬರುತ್ತದೆ. ಎಚ್ಚರಾಗದಿದ್ದರೆ ಅವ್ವನಿಗೆ ಬರುತ್ತದೆ.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅಂಗನವಾಡಿಗೆ, ಶಾಲೆಗೆ ತಂಡ ಬಂದು ಮಕ್ಕಳ ತಪಾಸಣೆ ಮಾಡುತ್ತದೆ. ಅದರ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟುಕಿವುಡೂ ಇದೆ, ಹುಟ್ಟಿನಿಂದ ಬಂದ ಹೃದಯದ ರಚನೆಯ ದೋಷವೂ ಇದೆ. ಆದರೆ ಎರಡನ್ನೂ ಜೋಡಿಸುವವರಿಲ್ಲ. ಕಿವಿಯವರು ಕಿವಿ ನೋಡುತ್ತಾರೆ, ಎದೆಯವರು ತೂತು ಇದೆಯೇ ಎಂದು ನೋಡುತ್ತಾರೆ. ಹುಟ್ಟುಕಿವುಡ ಎಂದು ಗುರುತಿಸಿದ ಪ್ರತಿ ಮಗುವಿಗೂ ಒಂದು ಇಸಿಜಿ ಎಂದು ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಲು ಬಜೆಟ್ ಬೇಕಿಲ್ಲ. ವಿಜಯನಗರ ಜಿಲ್ಲೆಯ ಆರೋಗ್ಯಾಧಿಕಾರಿಗಳನ್ನು ನಾವು ಬಹಿರಂಗವಾಗಿ ಕೇಳುತ್ತಿದ್ದೇವೆ: ಈ ಒಂದು ಸಾಲನ್ನು ನಮ್ಮ ಜಿಲ್ಲೆಯಿಂದಲೇ ಯಾಕೆ ಶುರು ಮಾಡಬಾರದು?

ಹಾಸನಕ್ಕೆ ಎದ್ದ ಸರ್ಕಾರ ತೊಟ್ಟಿಲಿಗೂ ಏಳಲಿ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಇಡೀ ರಾಜ್ಯ ಎದೆ ಮುಟ್ಟಿ ನೋಡಿಕೊಂಡಿತು. ಅವರ ಹೆಸರಿನಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡಿ ಹೇಳುವ ವ್ಯವಸ್ಥೆ. ಒಳ್ಳೆಯದು.

2025ರ ಮೇ, ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ 20ಕ್ಕೂ ಹೆಚ್ಚು ಮಂದಿ ಇದ್ದಕ್ಕಿದ್ದಂತೆ ಸತ್ತರು ಎಂದು ಸುದ್ದಿಯಾಯಿತು. ಜಯದೇವ ಆಸ್ಪತ್ರೆಯ ಮುಂದೆ ಸರದಿ ಬೆಳೆಯಿತು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ಮಾಡಿತು. ಜುಲೈನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್, ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಆಗಬೇಕು ಎಂದರು. ಶಾಲಾ ಮಕ್ಕಳ ಹೃದಯ ತಪಾಸಣೆಯ ಮಾತೂ ಬಂತು.

ಆ ಚರ್ಚೆಯಲ್ಲೆಲ್ಲ ಇದ್ದದ್ದು ದುಡಿಯುವ ವಯಸ್ಸಿನವರ ಸಾವು. ಆಟೊ ಓಡಿಸುವ ಹುಡುಗ, ಕಾಲೇಜು ಹುಡುಗಿ. ಮೂರು ತಿಂಗಳ ಕೂಸಿನ ಹಠಾತ್ ಸಾವಿಗೆ ಟಿವಿ ಬರುವುದಿಲ್ಲ, ಸಮಿತಿಯೂ ಬರುವುದಿಲ್ಲ.

ಕಾಗದದ ಮೇಲೆ ವ್ಯವಸ್ಥೆ ಇಲ್ಲವೆಂದಲ್ಲ. ಐದು ವರ್ಷದೊಳಗಿನ ಮಗು ಸತ್ತರೆ ಮನೆಗೆ ಹೋಗಿ ವಿಚಾರಿಸಿ ಬರೆಯುವ ಮಕ್ಕಳ ಮರಣ ಪರಿಶೀಲನೆ ಇದೆ. ಆಶಾ ಅಕ್ಕ ಹೆರಿಗೆಯಾದ 42 ದಿನದೊಳಗೆ ಆರು ಸಲ ಮನೆಗೆ ಬರುತ್ತಾಳೆ. (ಅವಳಿಗೆ ಸರಿಯಾದ ಸಂಬಳ ಕೊಡದೆ ನಮೂನೆ ತುಂಬುವ ಕೆಲಸ ಮಾತ್ರ ಹೆಚ್ಚಿಸುತ್ತಿರುವುದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇವೆ.) ಕೂಸು ಸತ್ತ ಮನೆಯಲ್ಲಿ ಮೂರೇ ಪ್ರಶ್ನೆ ಕೇಳಿಸಿ. ಎರಡೂ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಸತ್ತಿದ್ದಾರಾ? ಓಡುವಾಗ, ಈಜುವಾಗ, ಬೆಚ್ಚಿದಾಗ ಎಚ್ಚರ ತಪ್ಪುವವರು ಇದ್ದಾರಾ? ಹುಟ್ಟುಕಿವುಡರು ಇದ್ದಾರಾ? ಒಂದಕ್ಕೆ ಹೌದು ಎಂದರೂ ಅಪ್ಪ, ಅವ್ವ, ಉಳಿದ ಮಕ್ಕಳು ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಹೃದಯ ಜ್ಯೋತಿಗೆ ಬಂದ ಅದೇ ಯಂತ್ರ, ಅದೇ ತಜ್ಞರ ಕಣ್ಣು ಇದಕ್ಕೂ ಸಾಕು. ಈಜು ಚೆನ್ನಾಗಿ ಬರುವ ಹುಡುಗ ಬಾವಿಯಲ್ಲಿ ಮುಳುಗಿ ಸತ್ತ ಎಂಬ ಹಳೆಯ ಕಥೆ ಯಾವುದಾದರೂ ಮನೆತನದಲ್ಲಿದ್ದರೆ ಅದನ್ನೂ ಹೇಳಿ. ಲಾಂಗ್ ಕ್ಯೂಟಿಯ ಒಂದು ಬಗೆ ಈಜುವಾಗಲೇ ಹೊಡೆಯುತ್ತದೆ.

ಪೋಸ್ಟ್ ಮಾರ್ಟಂ ಮಾತು ಬಂದರೆ ಮನೆಯವರು ಹೆದರುತ್ತಾರೆ. ಕೂಸಿನ ಮೈ ಕೊಯ್ಯುವುದನ್ನು ಯಾರು ತಾನೇ ಒಪ್ಪುತ್ತಾರೆ? ಜೊತೆಗೆ ಪೊಲೀಸ್, ಪಂಚನಾಮೆ, ಊರ ಬಾಯಿ. ಈ ಹೆದರಿಕೆ ನಮಗೆ ಅರ್ಥವಾಗುತ್ತದೆ. ಪೋಸ್ಟ್ ಮಾರ್ಟಂ ಆದರೆ ಒಳ್ಳೆಯದೇ, ನ್ಯುಮೋನಿಯಾದಂಥ ಬೇರೆ ಕಾರಣ ಇದ್ದರೆ ಗೊತ್ತಾಗುತ್ತದೆ. ಅದಕ್ಕೆ ಮನಸ್ಸು ಬರದಿದ್ದರೂ ಒಂದು ಚಿಕ್ಕ ಕೊಳವೆಯಷ್ಟು ರಕ್ತ ತೆಗೆದಿಟ್ಟರೆ ಮುಂದೆ ಜೀನ್ ಪರೀಕ್ಷೆಗೆ ಬರುತ್ತದೆ. ಫೋಲ್ಬಿಗ್ ಪ್ರಕರಣದಲ್ಲಿ ಆಕೆಯನ್ನು ಹೊರಗೆ ತಂದದ್ದು ವರ್ಷಗಟ್ಟಲೆ ಜೋಪಾನವಾಗಿದ್ದ ಮಕ್ಕಳ ಮಾದರಿಗಳೇ. ನಮ್ಮಲ್ಲಿ ಆ ರಕ್ತ ತೆಗೆಯುವವರು ಯಾರು, ಎಲ್ಲಿ ಇಡಬೇಕು, ಯಾರು ಪರೀಕ್ಷಿಸಬೇಕು ಎಂದು ಇಲಾಖೆ ಬರೆದು ಕೊಡಬೇಕು. ಅದನ್ನು ಠಾಣೆಯ ಕೆಲಸ ಮಾಡದೆ ಆಸ್ಪತ್ರೆಯ ಕೆಲಸ ಮಾಡಬೇಕು.

"ಕೂಸು ಹೋತು, ಇನ್ನ ನಮ್ಮ ಎದಿ ನೋಡಿ ಏನ್ ಮಾಡ್ತೀರಿ?" ಎಂದು ಕೇಳುವವರಿಗೆ ಉತ್ತರ ಇದೆ. ರೋಗ ಸಿಕ್ಕರೆ ಔಷಧಿ ಇದೆ. ಲಾಂಗ್ ಕ್ಯೂಟಿಗೆ ಹೆಚ್ಚಾಗಿ ಕೊಡುವುದು ಪ್ರೊಪ್ರನೊಲಾಲ್ ತರಹದ ಮಾತ್ರೆ, ಹಳೆಯ ಮಾತ್ರೆ, ಅಗ್ಗದ ಮಾತ್ರೆ. ಪ್ರತಿದಿನ ತಪ್ಪದೆ ನುಂಗಬೇಕು ಅಷ್ಟೇ. ಎಲ್ಲ ಬಗೆಗೂ ಅದೊಂದೇ ಸಾಲದು, ಕೆಲವರಿಗೆ ಎದೆಯೊಳಗೆ ಸಣ್ಣ ಯಂತ್ರ ಕೂರಿಸಬೇಕಾಗುತ್ತದೆ. ಅದನ್ನು ಹೃದಯದ ಡಾಕ್ಟರು ಹೇಳುತ್ತಾರೆ. ಲಾಂಗ್ ಕ್ಯೂಟಿ ಇದೆ ಎಂದು ಗೊತ್ತಾದವರು ವಾಂತಿಗೆ, ಕೆಮ್ಮಿಗೆ ಯಾರ ಬಳಿ ಹೋದರೂ ಮೊದಲು ಅದನ್ನು ಹೇಳಬೇಕು. ಅಜಿಥ್ರೊಮೈಸಿನ್, ಡೊಂಪೆರಿಡೋನ್, ಒಂಡಾನ್ಸೆಟ್ರಾನ್ ತರಹದ ಕೆಲವು ಸಾಮಾನ್ಯ ಔಷಧಿಗಳು ಅಂಥವರಿಗೆ ವಿಶೇಷವಾಗಿ ಅಪಾಯ ತರಬಹುದು. ಉಳಿದವರು ಗಾಬರಿಯಾಗಿ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ.

ಹರಕೆ ಹೊರುವುದು ಬೇಡ ಎಂದು ನಾವು ಹೇಳುವುದಿಲ್ಲ. ನಮ್ಮ ಹೊಳಲಿಗೆ ಹೆಸರು ತಂದವನೇ ಮಲಗಿರುವ ಅನಂತಶಯನ, ಮೈಲಾರಕ್ಕೆ ಹೋಗಿ ಕಾರಣಿಕ ಕೇಳಿ ಬರುವ ಜನ ನಾವು. ಕಾಯಿ ಒಡೆಸಿ ಬನ್ನಿ. ಬರುವಾಗ ದಾರಿಯಲ್ಲೇ ತಾಲ್ಲೂಕು ಆಸ್ಪತ್ರೆ ಇದೆ, ಗಂಡ ಹೆಂಡತಿ ಇಬ್ಬರೂ ಒಳಗೆ ಹೋಗಿ ಬನ್ನಿ. ಇಬ್ಬರೂ ಎಂದದ್ದು ಯಾಕೆಂದರೆ, ಇಂಥ ಪರೀಕ್ಷೆಗೆ ಹೆಂಡತಿಯನ್ನು ಮಾತ್ರ ಒಳಗೆ ಕಳಿಸಿ ಗಂಡ ಹೊರಗೆ ಚಹಾ ಅಂಗಡಿಯಲ್ಲಿ ಕೂರುತ್ತಾನೆ. ಅವನ ಎದೆಗೂ ಹತ್ತು ವೈರು ಅಂಟಿಸಲಿ.